ವೆಬ್‌ಸೈಟ್ ಮಾಡಿಸುವ ಮೊದಲು: ಹೆಸರು, ಮೇಲ್, ಆಮೇಲೆ ಮಿಕ್ಕಿದ್ದು

ಸಣ್ಣ ವ್ಯಾಪಾರ ಮಾಡುವವರು ವೆಬ್‌ಸೈಟ್ ಅಂದ ಕೂಡಲೇ ಕೇಳುವ ಮೊದಲ ಪ್ರಶ್ನೆ "ಎಷ್ಟಾಗುತ್ತೆ?" ಅಂತ. ಒಬ್ಬರು ಐದು ಸಾವಿರ ಅಂತಾರೆ, ಇನ್ನೊಬ್ಬರು ಐವತ್ತು ಸಾವಿರ ಅಂತಾರೆ, ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ನಾವು ಒಂದೇ ಮಾತಿನಲ್ಲಿ "ವೆಬ್‌ಸೈಟ್" ಅನ್ನುವುದರೊಳಗೆ ನಾಲ್ಕು ಬೇರೆ ಬೇರೆ ಸಂಗತಿಗಳಿವೆ. ಹೆಸರು, ಅಂದರೆ ಡೊಮೇನ್. ಪುಟಗಳನ್ನು ಇಡುವ ಜಾಗ, ಅಂದರೆ ಹೋಸ್ಟಿಂಗ್. ಆ ಪುಟಗಳು. ಆಮೇಲೆ ಮೇಲ್. ನಾಲ್ಕನ್ನೂ ಒಬ್ಬರ ಹತ್ತಿರವೇ ತಗೋಬಹುದು, ನಾಲ್ಕು ಕಡೆಯಿಂದಲೂ ತಗೋಬಹುದು. ಯಾವುದು ಯಾರ ಕೈಯಲ್ಲಿದೆ ಅಂತ ಗೊತ್ತಿಲ್ಲದೆ ಹೋದಾಗಲೇ ಗೋಳು ಶುರುವಾಗುವುದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಶಿರಸಿ ಕಡೆಯ ಒಂದು ಮನೆ. ಗಂಡ ಹೆಂಡತಿ ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಬೇಸಿಗೆ ಶುರುವಾಗುವಾಗ ಮಿಡಿ ತಂದು ಉಪ್ಪಿನಲ್ಲಿ ಹಾಕಿಡುತ್ತಾರೆ, ಆಮೇಲೆ ವರ್ಷವಿಡೀ ಬೇಕಾದ ಹಾಗೆ ಖಾರ ಅರೆದು ಕಲಸುತ್ತಾರೆ. ಗಿರಾಕಿಗಳಲ್ಲಿ ಅರ್ಧ ಊರಿನವರು, ಇನ್ನರ್ಧ ಬೆಂಗಳೂರಿನ ನೆಂಟರು ಮತ್ತು ಆ ನೆಂಟರ ಪಕ್ಕದ ಮನೆಯವರು. ಆರ್ಡರ್ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ, ದುಡ್ಡು ಯುಪಿಐನಲ್ಲಿ ಬರುತ್ತದೆ. ಚೆನ್ನಾಗಿಯೇ ನಡೆಯುತ್ತಿದೆ. ಹಾಗಾದರೆ ಸೈಟ್ ಯಾಕೆ ಬೇಕು?

ನಿಜ ಹೇಳಬೇಕೆಂದರೆ ಎಲ್ಲರಿಗೂ ಬೇಡ. ದಿನಕ್ಕೆ ಮಾಡಿದ್ದೆಲ್ಲ ಖರ್ಚಾಗುತ್ತಿದ್ದರೆ, ಜಾಸ್ತಿ ಮಾಡುವ ಯೋಚನೆಯೂ ಇಲ್ಲದಿದ್ದರೆ, ಸುಮ್ನೆ ದುಡ್ಡು ಹಾಕಬೇಡಿ. ಆದರೆ ವ್ಯಾಪಾರ ಪೂರ್ತಿ ಬೇರೆಯವರ ಆ್ಯಪ್ ಮೇಲೆ ನಿಂತಿದ್ದರೆ ಒಂದು ಮಾತು ನೆನಪಿರಲಿ. 2020ರ ಜೂನ್ 29ಕ್ಕೆ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು, ಅಲ್ಲಿ ಲಕ್ಷಗಟ್ಟಲೆ ಜನರನ್ನು ಸೇರಿಸಿಕೊಂಡಿದ್ದವರ ಪಾಲಿಗೆ ಆ ಜನ ಒಂದೇ ಏಟಿಗೆ ಇಲ್ಲವಾದರು. ಬೆಂಗಳೂರಿನಲ್ಲೇ ಹುಟ್ಟಿದ ಕೂ ಅನ್ನುವ ಆ್ಯಪ್ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಇನ್ನೂ ಹತ್ತಿರದ ಉದಾಹರಣೆ ಗೂಗಲ್‌ನದು. ಸಣ್ಣ ಅಂಗಡಿಗಳಿಗೆ ಅಂತ ಅದು ಪುಕ್ಕಟೆ ಸೈಟ್ ಕೊಡುತ್ತಿತ್ತು, ಬಿಸಿನೆಸ್ ಡಾಟ್ ಸೈಟ್ ಅಂತ ಕೊನೆಯಾಗುವ ವಿಳಾಸದಲ್ಲಿ. ಎಷ್ಟೋ ಜನ ಅದೇ ವಿಳಾಸವನ್ನು ಬೋರ್ಡಿನ ಮೇಲೆ ಬರೆಸಿದ್ದರು, ವಿಸಿಟಿಂಗ್ ಕಾರ್ಡಿನಲ್ಲಿ ಹಾಕಿಸಿದ್ದರು. 2024ರ ಮಾರ್ಚ್‌ನಲ್ಲಿ ಗೂಗಲ್ ಅದನ್ನು ನಿಲ್ಲಿಸಿತು. ಬೋರ್ಡ್ ಹಾಗೇ ಉಳಿಯಿತು, ವಿಳಾಸ ಹೋಯಿತು.

ಸ್ವಂತ ಹೆಸರು ಇದ್ದಿದ್ದರೆ ಪುಟವನ್ನು ಬೇರೆ ಕಡೆ ಎತ್ತಿಟ್ಟು ಅದೇ ಹೆಸರಿಗೆ ಜೋಡಿಸಿಬಿಡಬಹುದಿತ್ತು. ಬೋರ್ಡ್ ಬದಲಿಸುವ ಕೆಲಸವೇ ಇರುತ್ತಿರಲಿಲ್ಲ.

ಪಹಣಿಯಲ್ಲಿ ಯಾರ ಹೆಸರಿದೆ?

ಡೊಮೇನ್ ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ. ವರ್ಷದ ಲೆಕ್ಕದಲ್ಲಿ ನೋಂದಾಯಿಸುತ್ತಾರೆ, ಒಂದೇ ಸಲಕ್ಕೆ ಹೆಚ್ಚೆಂದರೆ ಹತ್ತು ವರ್ಷ. ಡಾಟ್ ಇನ್ ಅಂತ ಕೊನೆಯಾಗುವ ಹೆಸರುಗಳ ಮೂಲ ದಾಖಲೆ ಇರುವುದು ನಿಕ್ಸಿ ಹತ್ತಿರ, ಅಂದರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. ನಮಗೆ ಮಾರುವವರು ರಿಜಿಸ್ಟ್ರಾರ್‌ಗಳು. ಖರ್ಚು ವರ್ಷಕ್ಕೆ ಸಾವಿರದ ಆಸುಪಾಸು ಅಷ್ಟೆ. ಮೊದಲ ವರ್ಷ ನೂರಿನ್ನೂರಕ್ಕೆ ಕೊಟ್ಟು ಎರಡನೇ ವರ್ಷದಿಂದ ಪೂರ್ತಿ ಬೆಲೆ ಹಾಕುವುದು ಇಲ್ಲಿನ ಮಾಮೂಲಿ ಆಟ, ಹಾಗಾಗಿ ನವೀಕರಣದ ಬೆಲೆ ಎಷ್ಟು ಅಂತ ಮೊದಲೇ ನೋಡಿ.

ಹೆಸರು ನೋಂದಾಯಿಸುವಾಗ ಮಾಲೀಕರು ಯಾರು, ಅವರ ಇಮೇಲ್ ಯಾವುದು ಅಂತ ಬರೆಯಬೇಕು. ಇದನ್ನು ಜಮೀನಿನ ಪಹಣಿ ಅಂದುಕೊಳ್ಳಿ. ಉಳುಮೆ ಯಾರಾದರೂ ಮಾಡಲಿ, ದಾಖಲೆಯಲ್ಲಿ ಹೆಸರು ಯಾರದು ಅನ್ನುವುದೇ ಮುಖ್ಯ. ಸೈಟ್ ಮಾಡಿಕೊಡುವ ಹುಡುಗ "ಎಲ್ಲಾ ನಾನೇ ನೋಡ್ಕೊತೀನಿ ಅಕ್ಕಾ" ಅಂತ ತನ್ನ ಖಾತೆಯಲ್ಲೇ, ತನ್ನ ಇಮೇಲ್‌ನಲ್ಲೇ ನೋಂದಾಯಿಸುತ್ತಾನೆ. ಅವನಿಗೆ ಕೆಟ್ಟ ಉದ್ದೇಶ ಇರಬೇಕೆಂದೇನಿಲ್ಲ, ಅವನಿಗೆ ಅದು ಸುಲಭ ಅಷ್ಟೆ. ಎರಡು ವರ್ಷಕ್ಕೆ ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ, ಫೋನ್ ನಂಬರ್ ಬದಲಾಗುತ್ತದೆ, ನವೀಕರಣದ ಮೇಲ್ ಅವನು ತೆರೆಯದ ಡಬ್ಬಿಗೆ ಹೋಗಿ ಬೀಳುತ್ತದೆ. ಆದ್ದರಿಂದ ರಿಜಿಸ್ಟ್ರಾರ್ ಖಾತೆಯನ್ನು ನೀವೇ ತೆರೆಯಿರಿ, ನಿಮ್ಮ ಹೆಸರು, ನಿಮ್ಮ ಫೋನ್, ನಿಮ್ಮ ಕೈಯಿಂದಲೇ ದುಡ್ಡು. ಪಾಸ್‌ವರ್ಡ್ ಜೊತೆ ಎರಡನೇ ಹಂತದ ಭದ್ರತೆಯನ್ನೂ (ಫೋನಿಗೆ ಬರುವ ಕೋಡ್ ಥರದ್ದು) ಹಾಕಿ. ಕೆಲಸ ಮಾಡುವವರಿಗೆ ಬೇಕಾದಾಗ ಪ್ರವೇಶ ಕೊಟ್ಟರಾಯಿತು.

ಇಲ್ಲಿ ಅನೇಕರು ಯೋಚಿಸದ ಒಂದು ವಿಷಯ ಇದೆ. ರಿಜಿಸ್ಟ್ರಾರ್ ಖಾತೆಗೆ ಕೊಡುವ ಇಮೇಲ್ ಅದೇ ಡೊಮೇನ್‌ನದ್ದು ಆಗಿರಬಾರದು. ಯಾಕೆಂದರೆ ಹೆಸರಿನ ಅವಧಿ ಮುಗಿದ ದಿನ ಆ ಇಮೇಲ್ಲೂ ಸಾಯುತ್ತದೆ. "ನವೀಕರಿಸಿ" ಅನ್ನುವ ಎಚ್ಚರಿಕೆಯೂ ಬರುವುದಿಲ್ಲ, ಪಾಸ್‌ವರ್ಡ್ ಮರೆತರೆ ಹೊಸದು ಪಡೆಯುವ ದಾರಿಯೂ ಮುಚ್ಚಿಹೋಗುತ್ತದೆ. ಇದಕ್ಕೆ ನಿಮ್ಮ ಮಾಮೂಲಿ ಜಿಮೇಲ್ ಸಾಕು.

ಆಟೊ ರಿನ್ಯೂವಲ್ ಹಾಕಿದ್ದೇನೆ ಅಂತ ನೆಮ್ಮದಿಯಾಗಿರಬೇಡಿ. ಕಾರ್ಡಿನಿಂದ ತಾನಾಗಿ ಕಡಿತವಾಗುವ ಪಾವತಿಗಳಿಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ 2021ರ ಅಕ್ಟೋಬರ್‌ನಿಂದ ಜಾರಿಯಾದ ಮೇಲೆ ಇಂಥ ಎಷ್ಟೋ ಪಾವತಿಗಳು, ಅದರಲ್ಲೂ ಹೊರದೇಶದ ಕಂಪನಿಗಳವು, ನಿಂತುಹೋದವು. ಫೋನಿನ ಕ್ಯಾಲೆಂಡರ್‌ನಲ್ಲಿ ಒಂದು ತಿಂಗಳ ಮೊದಲಿಗೆ ಗುರುತು ಹಾಕಿಡಿ. ಮರೆತೇ ಹೋಯಿತು ಅಂತಾದರೆ? ಡಾಟ್ ಕಾಮ್ ಹೆಸರಾದರೆ ಅವಧಿ ಮುಗಿದ ಮೇಲೂ ರಿಜಿಸ್ಟ್ರಾರ್ ಮೇಲೆ ಅವಲಂಬಿಸಿ ಹೆಚ್ಚೆಂದರೆ 45 ದಿನ ಮಾಮೂಲಿ ದರದಲ್ಲಿ ವಾಪಸ್ ಪಡೆಯಬಹುದು. ಆಮೇಲೆ 30 ದಿನ ದಂಡ ಕೊಟ್ಟು ಬಿಡಿಸಿಕೊಳ್ಳಬೇಕು, ಆ ದಂಡ ಮೂಲ ಬೆಲೆಯ ಹಲವು ಪಟ್ಟು ಇರುತ್ತದೆ. ಅದೂ ಕಳೆದರೆ ಐದು ದಿನದಲ್ಲಿ ಹೆಸರು ಬಯಲಿಗೆ ಬೀಳುತ್ತದೆ, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಹಾಗೆ ಬಿದ್ದ ಹೆಸರುಗಳನ್ನು ಆಯುವುದೇ ಕೆಲಸವಾಗಿರುವ ಜನರೂ ಇದ್ದಾರೆ.

ಇನ್ನು ಹೆಸರು ಎಂಥದ್ದಿರಬೇಕು ಅಂತ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಲೆಕ್ಕ ಒಂದೇ: ಫೋನಿನಲ್ಲಿ ಒಂದು ಸಲ ಹೇಳಿದರೆ ಆ ಕಡೆಯವರು ತಪ್ಪಿಲ್ಲದೆ ಟೈಪ್ ಮಾಡುವಂತಿರಬೇಕು. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಇದೇ ಕಷ್ಟ. ಅಪ್ಪೆಗೆ ಪಿ ಒಂದೋ ಎರಡೋ, ಮಳೆಯ ಳ ಬರೆಯಲು ಎಲ್ ಒಂದು ಸಾಕೋ, ದೀರ್ಘಕ್ಕೆ ಎ ಎರಡು ಹಾಕಬೇಕೋ. ಗೊಂದಲ ತಪ್ಪದ ಹೆಸರಾದರೆ ಎರಡೂ ಸ್ಪೆಲ್ಲಿಂಗ್ ನೋಂದಾಯಿಸಿ, ಒಂದನ್ನು ಇನ್ನೊಂದಕ್ಕೆ ತಿರುಗಿಸಿಬಿಡಿ. ಅಡ್ಡಗೆರೆ, ಅಂಕಿ ಇದ್ದರೆ ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ. ಡಾಟ್ ಭಾರತ ಅಂತ ಪೂರ್ತಿ ಕನ್ನಡ ಅಕ್ಷರದಲ್ಲೇ ಹೆಸರು ಪಡೆಯುವ ಅವಕಾಶವೂ ಇದೆ. ನನಗೆ ಅದು ಇಷ್ಟ. ಆದರೆ ಸದ್ಯಕ್ಕೆ ಎರಡನೇ ಹೆಸರಾಗಿ ಇಟ್ಟುಕೊಳ್ಳುವುದು ಒಳ್ಳೆಯದು, ಯಾಕೆಂದರೆ ಕನ್ನಡ ಅಕ್ಷರದ ಇಮೇಲ್ ವಿಳಾಸ ಕೊಟ್ಟರೆ ಈಗಲೂ ಎಷ್ಟೋ ಫಾರಂಗಳು "ತಪ್ಪು ವಿಳಾಸ" ಅಂತ ತಳ್ಳಿಹಾಕುತ್ತವೆ.

ಹೆಸರಿನಿಂದ ಮನೆ ಹುಡುಕುವುದು

ಹೆಸರು ಸಿಕ್ಕಿತು. ಯಾರೋ ಆ ಹೆಸರು ಟೈಪ್ ಮಾಡಿದರೆ ಅವರ ಫೋನಿಗೆ ನಿಮ್ಮ ಪುಟ ಯಾವ ಕಂಪ್ಯೂಟರಿನಲ್ಲಿದೆ ಅಂತ ಹೇಗೆ ಗೊತ್ತಾಗಬೇಕು? ಅದಕ್ಕೇ ಡಿಎನ್ಎಸ್ ಇರುವುದು. ಇಂಟರ್ನೆಟ್ಟಿನ ಶುರುವಿನಲ್ಲಿ ಎಲ್ಲ ಕಂಪ್ಯೂಟರುಗಳ ಹೆಸರು, ವಿಳಾಸ ಒಂದೇ ಒಂದು ಕಡತದಲ್ಲಿರುತ್ತಿತ್ತು, ಎಲ್ಲರೂ ಅದನ್ನೇ ನಕಲು ಮಾಡಿಕೊಳ್ಳುತ್ತಿದ್ದರು. ಅದು ಕೈಮೀರಿದಾಗ 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಅನ್ನುವವರು ಈಗಿನ ವ್ಯವಸ್ಥೆ ರೂಪಿಸಿದರು. ಪ್ರತಿ ಡೊಮೇನ್‌ಗೂ ಅದರದ್ದೇ ಒಂದು ಪಟ್ಟಿ ಇರುತ್ತದೆ, ಆ ಪಟ್ಟಿ ಇಟ್ಟುಕೊಂಡಿರುವ ಕಂಪ್ಯೂಟರಿಗೆ ನೇಮ್‌ಸರ್ವರ್ ಅಂತ ಹೆಸರು.

ನಮಗೆ ಬೇಕಾದ ಸಾಲುಗಳು ಆ ಪಟ್ಟಿಯಲ್ಲಿ ನಾಲ್ಕೇ ಬಗೆಯವು. ಎ ಸಾಲು ಸೈಟ್ ಎಲ್ಲಿದೆ ಅಂತ ಹೇಳುತ್ತದೆ. ಸಿನೇಮ್ ಸಾಲು "ಈ ಹೆಸರು ಅಂದರೆ ಆ ಹೆಸರೇ" ಅನ್ನುತ್ತದೆ. ಎಂಎಕ್ಸ್ ಸಾಲು ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುತ್ತದೆ. ಟಿಎಕ್ಸ್‌ಟಿ ಸಾಲಿನಲ್ಲಿ ಏನು ಬೇಕಾದರೂ ಬರೆಯಬಹುದು, ಅದರ ಉಪಯೋಗ ಮುಂದೆ ಗೊತ್ತಾಗುತ್ತದೆ.

ಗಮನಿಸಿದಿರಾ, ಸೈಟಿನ ಸಾಲು ಬೇರೆ, ಇಮೇಲ್‌ನ ಸಾಲು ಬೇರೆ. ಸೈಟ್ ಒಂದು ಕಂಪನಿಯಲ್ಲಿ, ಮೇಲ್ ಇನ್ನೊಂದರಲ್ಲಿ ಇರುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಆದರೆ ಸೈಟ್ ಹೊಸದಾಗಿ ಮಾಡಿಸುವಾಗ ಕೆಲಸದವರು "ನೇಮ್‌ಸರ್ವರ್ ನಮ್ಮದು ಹಾಕಿಬಿಡಿ" ಅನ್ನುತ್ತಾರೆ. ಹಾಕಿದ ಕೂಡಲೇ ಹಳೆಯ ಪಟ್ಟಿ ಪೂರ್ತಿ ಹೋಗಿ ಅವರ ಪಟ್ಟಿ ಬರುತ್ತದೆ, ಅದರಲ್ಲಿ ನಿಮ್ಮ ಎಂಎಕ್ಸ್ ಇರುವುದಿಲ್ಲ. ಸೈಟ್ ಚೆನ್ನಾಗಿ ಕಾಣುತ್ತಿರುತ್ತದೆ, ಎಲ್ಲರೂ ಖುಷಿಯಲ್ಲಿರುತ್ತಾರೆ, ಮೇಲ್ ಮಾತ್ರ ಸದ್ದಿಲ್ಲದೆ ನಿಂತಿರುತ್ತದೆ. ಕೆಲವು ಸಲ ಕಳಿಸಿದವರಿಗೆ ವಾಪಸ್ ಹೋಗುತ್ತದೆ. ಕೆಲವು ಸಲ ಹೊಸ ಹೋಸ್ಟಿಂಗ್‌ನ ಯಾವುದೋ ಡಬ್ಬಿಯಲ್ಲಿ ಬಿದ್ದಿರುತ್ತದೆ, ಅಂಥದ್ದೊಂದು ಡಬ್ಬಿ ಇದೆ ಅಂತಲೇ ನಿಮಗೆ ಗೊತ್ತಿರುವುದಿಲ್ಲ. ಏನಾದರೂ ಬದಲಿಸುವ ಮೊದಲು ಈಗಿರುವ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದಿಡಿ. ಇಷ್ಟು ಮಾಡಿದರೆ ಅರ್ಧ ತಲೆನೋವು ತಪ್ಪುತ್ತದೆ.

ಪುಟದಲ್ಲಿ ಏನಿರಬೇಕು

ಹೋಸ್ಟಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾಲ್ಕೈದು ಪುಟದ ಸೈಟಿಗೆ ಅಗ್ಗದ್ದೇ ಸಾಕು. ಆಗಾಗ ಬದಲಿಸದ ಪುಟಗಳಾದರೆ ಕ್ಲೌಡ್‌ಫ್ಲೇರ್ ಥರದವರು ಪುಕ್ಕಟೆಯಾಗಿಯೇ ಇಟ್ಟುಕೊಳ್ಳುತ್ತಾರೆ, ಸ್ವಂತ ಹೆಸರನ್ನೂ ಜೋಡಿಸಬಹುದು. ನೀವೇ ಬರೆದು ಬದಲಿಸುತ್ತಾ ಇರುವುದಾದರೆ ವರ್ಡ್‌ಪ್ರೆಸ್ ಅನ್ನುವ ತಂತ್ರಾಂಶ ಇದೆ, ಆದರೆ ಅದನ್ನೂ ಅದಕ್ಕೆ ಸೇರಿಸುವ ಪ್ಲಗಿನ್ ಅನ್ನುವ ತುಣುಕುಗಳನ್ನೂ ಕಾಲಕಾಲಕ್ಕೆ ಅಪ್‌ಡೇಟ್ ಮಾಡದಿದ್ದರೆ ಕಳ್ಳರು ನುಗ್ಗುತ್ತಾರೆ. ವಿಳಾಸದ ಮುಂದೆ ಎಚ್‌ಟಿಟಿಪಿಎಸ್ ಅಂತ ಬರಲು ಬೇಕಾದ ಭದ್ರತಾ ಸರ್ಟಿಫಿಕೇಟ್‌ಗೆ ದುಡ್ಡು ಕೊಡಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ 2015ರಿಂದ ಪುಕ್ಕಟೆ ಕೊಡುತ್ತಿದೆ, ಒಳ್ಳೆಯ ಹೋಸ್ಟಿಂಗ್‌ನವರು ಅದನ್ನು ತಾವೇ ಹಾಕಿಕೊಡುತ್ತಾರೆ. ಅದಿಲ್ಲದ ಸೈಟಿಗೆ ಕ್ರೋಮ್ 2018ರಿಂದ "ಸುರಕ್ಷಿತವಲ್ಲ" ಅಂತ ಹಣೆಪಟ್ಟಿ ಹಚ್ಚುತ್ತಿದೆ.

ಪುಟದಲ್ಲಿ ಏನು ಬರೆಯಬೇಕು ಅನ್ನುವುದು ಇದಕ್ಕಿಂತ ಮುಖ್ಯ. ನಮ್ಮ ಸಣ್ಣ ಅಂಗಡಿಗಳ ಸೈಟ್ ತೆರೆದರೆ ಮೊದಲು ಕಾಣುವುದು "ಗುಣಮಟ್ಟವೇ ನಮ್ಮ ಧ್ಯೇಯ" ಅನ್ನುವ ದೊಡ್ಡ ಅಕ್ಷರ, ಹಿಂದೆ ಎಲ್ಲಿಂದಲೋ ತಂದ ನಗುವ ವಿದೇಶಿಯರ ಚಿತ್ರ. ಫೋನ್ ನಂಬರ್ ಹುಡುಕಲು ಕೆಳಗೆ ಹೋಗಬೇಕು, ಬೆಲೆ ಎಲ್ಲೂ ಇರುವುದಿಲ್ಲ. ಉಪ್ಪಿನಕಾಯಿ ಕೊಳ್ಳುವವರಿಗೆ ಏನು ಬೇಕು ಯೋಚಿಸಿ. ಮಿಡಿ ಯಾವ ಕಡೆಯದು, ತೊಟ್ಟು ಇದೆಯಾ, ಸೊನೆಯ ಪರಿಮಳ ಉಳಿದಿದೆಯಾ. ಅನಂತಭಟ್ಟನ ಅಪ್ಪೆಯೋ ಮಾಳಂಜಿಯೋ ಬೇರೆಯೋ. ಎಣ್ಣೆ ಹಾಕಿದ್ದಾರಾ ಇಲ್ಲವಾ. ಖಾರ ಎಷ್ಟು. ಅರ್ಧ ಕೆಜಿಗೆ ಎಷ್ಟು, ಬೆಂಗಳೂರಿಗೆ ಕೊರಿಯರ್ ಎಷ್ಟು, ಹುಬ್ಬಳ್ಳಿಗೆ ಎಷ್ಟು, ಬಾಟಲಿ ದಾರಿಯಲ್ಲಿ ಒಡೆದರೆ ಏನು ಮಾಡುತ್ತೀರಿ. ಬರೀ ಉಪ್ಪಿನಲ್ಲಿ ಹಾಕಿದ ಮಿಡಿ ಸಿಗುತ್ತದಾ, ಯಾಕೆಂದರೆ ಖಾರ ತಮ್ಮ ಮನೆಯ ಹದಕ್ಕೇ ಆಗಬೇಕು ಅನ್ನುವವರು ಬೇಕಾದಷ್ಟು ಇದ್ದಾರೆ. ವಾಟ್ಸ್ಆ್ಯಪ್‌ನಲ್ಲಿ ದಿನಾ ಯಾವ ಪ್ರಶ್ನೆ ಬರುತ್ತದೋ ಅದಕ್ಕೆ ಉತ್ತರ ಬರೆದರೆ ಸೈಟ್ ಮುಗಿಯಿತು. ಭರಣಿಯ ಮುಂದೆ ನಿಂತು ಹಗಲು ಬೆಳಕಿನಲ್ಲಿ ಫೋನಿನಿಂದ ತೆಗೆದ ಫೋಟೋ, ದುಡ್ಡು ಕೊಟ್ಟು ತಂದ ಯಾವ ಚಿತ್ರಕ್ಕಿಂತಲೂ ವಾಸಿ.

ಶಾಪಿಂಗ್ ಕಾರ್ಟ್, ಪೇಮೆಂಟ್ ಗೇಟ್‌ವೇ (ಸೈಟಿನಲ್ಲೇ ದುಡ್ಡು ಕಟ್ಟಿಸಿಕೊಳ್ಳುವ ಸೇವೆ) ಶುರುವಿಗೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಗೇಟ್‌ವೇಯವರು ಪ್ರತಿ ವ್ಯವಹಾರದಲ್ಲಿ ಪಾಲು ಹಿಡಿಯುತ್ತಾರೆ, ದುಡ್ಡು ಖಾತೆಗೆ ಬರಲು ಸಮಯ ಹಿಡಿಯುತ್ತದೆ. ದಿನಕ್ಕೆ ಹತ್ತು ಆರ್ಡರ್ ಇರುವವರೆಗೆ ಒಂದು ವಾಟ್ಸ್ಆ್ಯಪ್ ಬಟನ್ ಧಾರಾಳ ಸಾಕು. ಡಬ್ಲ್ಯೂಎ ಡಾಟ್ ಮಿ, ಒಂದು ಓರೆಗೆರೆ, ಆಮೇಲೆ 91 ಸೇರಿಸಿ ನಿಮ್ಮ ನಂಬರ್, ಇಷ್ಟೇ ಅದರ ಕೊಂಡಿ. ಒತ್ತಿದರೆ ನೇರ ಮಾತುಕತೆಗೆ ಹೋಗುತ್ತದೆ.

ಕಾನೂನಿನ ಒಂದೆರಡು ಮಾತು. ತಿನ್ನುವ ಪದಾರ್ಥ ಮಾರುವವರಿಗೆ ಎಫ್ಎಸ್ಎಸ್ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕೇ ಬೇಕು, ಆ 14 ಅಂಕಿಯ ಸಂಖ್ಯೆ ಲೇಬಲ್ ಮೇಲೂ ಇರಲಿ, ಸೈಟಿನಲ್ಲೂ ಇರಲಿ. ಆನ್‌ಲೈನ್ ಮಾರಾಟಕ್ಕೆ 2020ರ ಗ್ರಾಹಕ ರಕ್ಷಣಾ ನಿಯಮಗಳಿವೆ. ಹೆಸರು, ವಿಳಾಸ, ದೂರು ಕೇಳುವವರ ವಿವರ ಹಾಕಬೇಕು, ದೂರು ಬಂದರೆ 48 ಗಂಟೆಯೊಳಗೆ "ಸಿಕ್ಕಿದೆ" ಅಂತ ತಿಳಿಸಬೇಕು, ತಿಂಗಳೊಳಗೆ ಬಗೆಹರಿಸಬೇಕು. ಬೇರೆ ರಾಜ್ಯಕ್ಕೆ ಕಳಿಸುವುದಾದರೆ ಜಿಎಸ್‌ಟಿ ಬಗ್ಗೆ ಮೊದಲೇ ನಿಮ್ಮ ಆಡಿಟರ್ ಹತ್ತಿರ ಕೇಳಿಕೊಳ್ಳಿ.

ಮೇಲ್: ಎಲ್ಲರೂ ಕಡೆಗಣಿಸುವ ಭಾಗ

ಸೈಟಿನ ಬಣ್ಣ ಆರಿಸಲು ವಾರಗಟ್ಟಲೆ ಚರ್ಚೆ ಮಾಡುತ್ತಾರೆ, ಮೇಲಿಗೆ ಬಂದಾಗ "ಜಿಮೇಲ್ ಇದೆಯಲ್ಲ" ಅನ್ನುತ್ತಾರೆ. ಇದೆ, ಕೆಲಸವೂ ಮಾಡುತ್ತದೆ. ಆದರೆ ಬೆಂಗಳೂರಿನ ಯಾವುದೋ ಕಂಪನಿ ದೀಪಾವಳಿಗೆ ಇನ್ನೂರು ಬಾಟಲಿ ಬೇಕು ಅಂತ ಕೇಳಿದಾಗ, ಕೊಟೇಶನ್ ಅಂಗಡಿಯ ಹೆಸರಿನ ವಿಳಾಸದಿಂದ ಹೋದರೆ ಅದರ ತೂಕವೇ ಬೇರೆ. ಇನ್ನೊಂದು ಲಾಭವೂ ಇದೆ. "ಆರ್ಡರ್" ಅನ್ನುವ ವಿಳಾಸ ಅಂಗಡಿಯದ್ದು, ಇವತ್ತು ಮಗಳು ನೋಡುತ್ತಾಳೆ, ನಾಳೆ ಕೆಲಸಕ್ಕೆ ಇಟ್ಟುಕೊಂಡವರು ನೋಡುತ್ತಾರೆ. ವಿಳಾಸ ಬದಲಾಗುವುದಿಲ್ಲ.

ಇದಕ್ಕೆ ಗೂಗಲ್, ಮೈಕ್ರೋಸಾಫ್ಟ್, ಚೆನ್ನೈನ ಝೋಹೋ ಮುಂತಾದವರು ಒಬ್ಬೊಬ್ಬರಿಗೆ ತಿಂಗಳಿಗಿಷ್ಟು ಅಂತ ತಗೊಳ್ಳುತ್ತಾರೆ. ಹೋಸ್ಟಿಂಗ್ ಜೊತೆ "ಮೇಲ್ ಪುಕ್ಕಟೆ" ಅಂತ ಕೊಡುವವರೂ ಇದ್ದಾರೆ. ನಾನು ಅದನ್ನು ತಗೋಬೇಡಿ ಅನ್ನುತ್ತೇನೆ. ಅಲ್ಲಿ ಒಂದೇ ಸರ್ವರ್‌ನಲ್ಲಿ ನೂರಾರು ಸೈಟುಗಳಿರುತ್ತವೆ, ಅವರಲ್ಲಿ ಯಾರೋ ಒಬ್ಬರು ಸ್ಪ್ಯಾಮ್ ಕಳಿಸಿದರೆ ಆ ಸರ್ವರ್‌ನಿಂದ ಹೊರಡುವ ನಿಮ್ಮ ಮೇಲ್ಲೂ ಅನುಮಾನಕ್ಕೆ ಬೀಳುತ್ತದೆ.

ಈಗ ಸ್ವಲ್ಪ ಗಟ್ಟಿ ವಿಷಯಕ್ಕೆ ಬರೋಣ. ಇಮೇಲ್ ಕಳಿಸುವ ಮೂಲ ನಿಯಮ ರೂಪಿಸಿದ್ದು 1982ರಲ್ಲಿ. ಆಗ ಜಾಲದಲ್ಲಿದ್ದವರು ಒಬ್ಬರಿಗೊಬ್ಬರು ಗೊತ್ತಿದ್ದ ಜನ, ಹಾಗಾಗಿ "ಯಾರಿಂದ" ಅನ್ನುವ ಜಾಗದಲ್ಲಿ ಬರೆದಿದ್ದು ನಿಜವಾ ಅಂತ ಪರೀಕ್ಷಿಸುವ ಏರ್ಪಾಡೇ ಅದರಲ್ಲಿ ಇರಲಿಲ್ಲ. ಇವತ್ತಿಗೂ ಯಾರು ಬೇಕಾದರೂ ಅಲ್ಲಿ ನಿಮ್ಮ ಅಂಗಡಿಯ ವಿಳಾಸ ಬರೆದು ಮೇಲ್ ಕಳಿಸಲು ಯತ್ನಿಸಬಹುದು. ಇದನ್ನು ತಡೆಯಲು ಆಮೇಲೆ ಮೂರು ಬೇಲಿ ಹಾಕಿದರು. ಮೂರೂ ಇರುವುದು ಡಿಎನ್ಎಸ್ ಪಟ್ಟಿಯಲ್ಲೇ, ಹೆಚ್ಚಾಗಿ ಟಿಎಕ್ಸ್‌ಟಿ ಸಾಲುಗಳಲ್ಲಿ.

ಮೊದಲನೆಯದು ಎಸ್‌ಪಿಎಫ್. "ನಮ್ಮ ಹೆಸರಿನಲ್ಲಿ ಮೇಲ್ ಕಳಿಸಲು ಈ ಈ ಸರ್ವರ್‌ಗಳಿಗೆ ಮಾತ್ರ ಅನುಮತಿ" ಅನ್ನುವ ಪಟ್ಟಿ ಇದು. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ಸಾಲು ಇರಬೇಕು. ಝೋಹೋದವರು ಹೇಳಿದ್ದು ಒಂದು, ಸುದ್ದಿಪತ್ರದ ಕಂಪನಿ ಹೇಳಿದ್ದು ಇನ್ನೊಂದು ಅಂತ ಎರಡು ಸಾಲು ಹಾಕಿದರೆ ಎರಡೂ ಕೆಲಸಕ್ಕೆ ಬರುವುದಿಲ್ಲ, ಎರಡನ್ನೂ ಒಂದೇ ಸಾಲಿನಲ್ಲಿ ಸೇರಿಸಬೇಕು. ಎರಡನೆಯದು ಡಿಕಿಮ್. ಹೊರಡುವ ಪ್ರತಿ ಮೇಲ್ ಮೇಲೂ ನಿಮ್ಮ ಮೇಲ್ ಕಂಪನಿ ಒಂದು ಡಿಜಿಟಲ್ ಸಹಿ ಹಾಕುತ್ತದೆ, ಆ ಸಹಿ ಅಸಲಿಯಾ ಅಂತ ನೋಡುವ ಕೀಲಿ ನಿಮ್ಮ ಡಿಎನ್ಎಸ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇರುತ್ತದೆ. ಮೇಲ್ ದಾರಿಯಲ್ಲಿ ಬೇರೆ ಸರ್ವರ್ ಮೂಲಕ ಫಾರ್ವರ್ಡ್ ಆದರೆ ಎಸ್‌ಪಿಎಫ್ ಮುರಿದುಬೀಳುತ್ತದೆ, ಒಳಗಿನ ಬರಹ ಬದಲಾಗದಿದ್ದರೆ ಡಿಕಿಮ್ ಉಳಿಯುತ್ತದೆ. ಆದ್ದರಿಂದಲೇ ಎರಡೂ ಬೇಕು.

ಮೂರನೆಯದು ಡಿಮಾರ್ಕ್. ಎಸ್‌ಪಿಎಫ್ ನೋಡುವುದು ನಮಗೆ ಕಾಣುವ "ಯಾರಿಂದ" ವಿಳಾಸವನ್ನಲ್ಲ, ಒಳಗೆ ಅಡಗಿರುವ ಇನ್ನೊಂದು ವಿಳಾಸವನ್ನು. ಈ ಸಂದಿಯಲ್ಲಿ ಮೋಸಗಾರರು ನುಸುಳುತ್ತಾರೆ. ಡಿಮಾರ್ಕ್ ಹೇಳುವುದು ಇಷ್ಟು: ಮೇಲಿನ ಎರಡರಲ್ಲಿ ಒಂದಾದರೂ ಪಾಸಾಗಬೇಕು, ಪಾಸಾದದ್ದು ಕಣ್ಣಿಗೆ ಕಾಣುವ ಡೊಮೇನ್‌ಗೆ ಹೊಂದಬೇಕು, ಇಲ್ಲದಿದ್ದರೆ ಏನು ಮಾಡಬೇಕು ಅಂತ ಮೇಲ್ ಪಡೆಯುವ ಸರ್ವರ್‌ಗೆ ನೀವು ಮೂರರಲ್ಲಿ ಒಂದು ಮಾತು ಹೇಳಿಡಬಹುದು, ಸುಮ್ಮನೆ ಬಿಡು, ಇಲ್ಲವೇ ಸ್ಪ್ಯಾಮಿಗೆ ಹಾಕು, ಇಲ್ಲವೇ ತಳ್ಳಿಹಾಕು. ಮೊದಲು "ಸುಮ್ಮನೆ ಬಿಡು, ನನಗೆ ವರದಿ ಕಳಿಸು" ಅಂತ ಇಟ್ಟು, ನಿಮ್ಮ ಅಸಲಿ ಮೇಲ್‌ಗಳೆಲ್ಲ ಪಾಸಾಗುತ್ತಿವೆ ಅಂತ ಖಾತ್ರಿಯಾದ ಮೇಲೆ ಬಿಗಿ ಮಾಡುತ್ತಾ ಹೋಗಿ.

ಇದೆಲ್ಲ ದೊಡ್ಡ ಕಂಪನಿಗಳಿಗೆ ಅಂತ ಬಿಡುವ ಕಾಲ ಹೋಯಿತು. 2024ರ ಫೆಬ್ರುವರಿಯಿಂದ ಗೂಗಲ್, ಯಾಹೂ ನಿಯಮ ಬಿಗಿ ಮಾಡಿವೆ. ಜಿಮೇಲ್ ಖಾತೆಗಳಿಗೆ ಮೇಲ್ ಕಳಿಸುವ ಎಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಇರಲೇಬೇಕು. ದಿನಕ್ಕೆ 5,000ಕ್ಕಿಂತ ಜಾಸ್ತಿ ಕಳಿಸುವವರಿಗೆ ಮೂರೂ ಬೇಕು. ನೀವು ಐದು ಕಳಿಸಿದರೂ ಮೂರನ್ನೂ ಹಾಕಿಬಿಡಿ, ಇದಕ್ಕೇನೂ ಖರ್ಚಿಲ್ಲ. ಸರಿಯಾಗಿದೆಯಾ ಅಂತ ನೋಡುವುದೂ ಸುಲಭ. ಅಂಗಡಿಯ ವಿಳಾಸದಿಂದ ನಿಮ್ಮದೇ ಜಿಮೇಲ್‌ಗೆ ಒಂದು ಮೇಲ್ ಕಳಿಸಿ, ಕಂಪ್ಯೂಟರಿನಲ್ಲಿ ಅದನ್ನು ತೆರೆದು ಮೂರು ಚುಕ್ಕಿಯ ಮೆನುವಿನಲ್ಲಿ "ಶೋ ಒರಿಜಿನಲ್" ಒತ್ತಿ. ಮೂರರ ಮುಂದೆಯೂ "ಪಾಸ್" ಅಂತ ಇದ್ದರೆ ಆಯಿತು.

ಇಷ್ಟಾದ ಮೇಲೂ ಒಂದು ಕಡೆ ಆರ್ಡರ್‌ಗಳು ಮಾಯವಾಗುತ್ತವೆ, ಅದು ಸೈಟಿನ ಸಂಪರ್ಕ ಫಾರಂ. ಗಿರಾಕಿ ತನ್ನ ಜಿಮೇಲ್ ವಿಳಾಸ ಬರೆದು ಸಂದೇಶ ಕಳಿಸುತ್ತಾರೆ. ಫಾರಂ ಮಾಡಿದವರು ಆ ಜಿಮೇಲ್ ವಿಳಾಸವನ್ನೇ "ಯಾರಿಂದ" ಜಾಗದಲ್ಲಿ ಹಾಕಿಬಿಟ್ಟಿರುತ್ತಾರೆ. ಅಂದರೆ ನಿಮ್ಮ ಹೋಸ್ಟಿಂಗ್ ಸರ್ವರ್ ಜಿಮೇಲ್ ಹೆಸರಿನಲ್ಲಿ ಮೇಲ್ ಕಳಿಸಿದ ಹಾಗಾಯಿತು. ಮೇಲೆ ಹೇಳಿದ ಬೇಲಿಗಳು ಇದನ್ನು ಮೋಸ ಅಂತಲೇ ಹಿಡಿಯುತ್ತವೆ, ಹಿಡಿಯಬೇಕಾದದ್ದೂ ಸರಿಯೇ. "ಯಾರಿಂದ" ಜಾಗದಲ್ಲಿ ನಿಮ್ಮ ಅಂಗಡಿಯ ವಿಳಾಸ, "ರಿಪ್ಲೈ ಟು" ಜಾಗದಲ್ಲಿ ಗಿರಾಕಿಯ ವಿಳಾಸ ಇರುವಂತೆ ಮಾಡಿಸಿ, ಮೇಲ್ ಹೊರಡುವುದು ನಿಮ್ಮ ಮೇಲ್ ಕಂಪನಿಯ ಸರ್ವರ್ ಮೂಲಕವೇ ಆಗಲಿ. ತಿಂಗಳಿಗೊಮ್ಮೆ ನೀವೇ ಫಾರಂ ತುಂಬಿ ಕಳಿಸಿ ನೋಡಿ.

ಹಳೆಯ ಗಿರಾಕಿಗಳಿಗೆ "ಈ ವರ್ಷದ ಮಿಡಿ ಬಂತು" ಅಂತ ಒಂದು ಮೇಲ್ ಕಳಿಸಿದರೆ ಅದಕ್ಕಿಂತ ಅಗ್ಗದ ಪ್ರಚಾರ ಇನ್ನೊಂದಿಲ್ಲ. ಆದರೆ "ಕಳಿಸಬಹುದಾ" ಅಂತ ಕೇಳಿ ಒಪ್ಪಿದವರಿಗೆ ಮಾತ್ರ ಕಳಿಸಿ. ಮುನ್ನೂರು ಜನರ ವಿಳಾಸವನ್ನು ಸಿಸಿಯಲ್ಲಿ ತುಂಬಿ ಕಳಿಸುವ ಪುಣ್ಯಾತ್ಮರು ಇನ್ನೂ ಇದ್ದಾರೆ, ಎಲ್ಲರ ವಿಳಾಸ ಎಲ್ಲರಿಗೂ ಹಂಚಿದ ಹಾಗೆ. ಮಾಮೂಲಿ ಜಿಮೇಲ್‌ನಿಂದ ದಿನಕ್ಕೆ 500 ಜನರ ಮಿತಿಯೂ ಇದೆ. ಪಟ್ಟಿ ದೊಡ್ಡದಾದರೆ ಅದಕ್ಕೆಂದೇ ಇರುವ ಸೇವೆ ಬಳಸಿ, "ಇನ್ನು ಬೇಡ" ಅನ್ನುವ ಕೊಂಡಿ ಪ್ರತಿ ಮೇಲ್‌ನಲ್ಲೂ ಇರಲಿ. ಸಿಟ್ಟಾಗಿ ಸ್ಪ್ಯಾಮ್ ಬಟನ್ ಒತ್ತುವುದಕ್ಕಿಂತ ಅದನ್ನು ಒತ್ತಲಿ.

ಜನ ಹೇಗೆ ಬರುತ್ತಾರೆ

ಗೂಗಲ್ ನಕಾಶೆಯಲ್ಲಿ ಅಂಗಡಿ ಕಾಣುವುದಕ್ಕೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಬೇಕು, ಅದಕ್ಕೆ ದುಡ್ಡಿಲ್ಲ. ಒಂದು ಷರತ್ತಿದೆ: ಗಿರಾಕಿಗಳು ನಿಮ್ಮನ್ನು ಮುಖಾಮುಖಿ ಕಾಣುವ ವ್ಯಾಪಾರ ಆಗಿರಬೇಕು. ಮನೆಗೆ ಬಂದು ಬಾಟಲಿ ಒಯ್ಯುತ್ತಾರೆ ಅಂದರೆ ಸರಿ, ಬರೀ ಕೊರಿಯರ್ ಅಂದರೆ ನಿಯಮದ ಪ್ರಕಾರ ಇಲ್ಲ. ರಿವ್ಯೂಗಳನ್ನು ಕೊಂಡುಕೊಳ್ಳಬೇಡಿ. ಕೆಟ್ಟ ರಿವ್ಯೂ ಬಂದರೆ ಜಗಳಕ್ಕೆ ನಿಲ್ಲದೆ ಒಂದು ಸಾಲು ಉತ್ತರ ಬರೆಯಿರಿ, ಅದನ್ನು ಓದುವವರು ನೋಡುವುದು ನಿಮ್ಮ ಉತ್ತರವನ್ನೇ.

ಹುಡುಕಾಟದಲ್ಲಿ ಕಾಣಬೇಕೆಂದರೆ ಪುಟದಲ್ಲಿ ಓದಬಲ್ಲ ಅಕ್ಷರ ಇರಬೇಕು. ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ಪೋಸ್ಟರನ್ನೇ ಚಿತ್ರವಾಗಿ ಸೈಟಿಗೆ ಹಾಕಿದರೆ, ಅದರಲ್ಲಿರುವ ಮಾತನ್ನು ಪುಟದ ಬರಹ ಅಂತ ಗೂಗಲ್ ಎಣಿಸುತ್ತದೆ ಅಂತ ನಂಬಿ ಕೂರಬೇಡಿ. ಕನ್ನಡಕ್ಕೆ ಇನ್ನೊಂದು ತೊಡಕಿದೆ. ನುಡಿ, ಬರಹ ಅನ್ನುವ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಅದನ್ನು ಹಾಗೇ ಸೈಟಿಗೆ ಅಂಟಿಸಿದರೆ ಅರ್ಥವಿಲ್ಲದ ಅಕ್ಷರ ಕಾಣುತ್ತದೆ. ಯುನಿಕೋಡ್‌ಗೆ ಬದಲಿಸಿಯೇ ಹಾಕಬೇಕು, ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ನಮ್ಮ ಜನ ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲೂ ಹುಡುಕುತ್ತಾರೆ, ಆದ್ದರಿಂದ ಎರಡೂ ಲಿಪಿಯಲ್ಲಿ ಹೆಸರು ಬರಲಿ. ಉಪ್ಪಿನಕಾಯಿ, ತೊಕ್ಕು, ಹಪ್ಪಳ ಎಲ್ಲ ಒಂದೇ ಪುಟದಲ್ಲಿ ತುರುಕದೆ ಒಂದೊಂದಕ್ಕೂ ಪುಟ ಮಾಡಿ.

ಗೂಗಲ್ ಸರ್ಚ್ ಕನ್ಸೋಲ್ ಅಂತ ಒಂದು ಪುಕ್ಕಟೆ ಸಾಧನ ಇದೆ. ಡಿಎನ್ಎಸ್‌ನಲ್ಲಿ ಒಂದು ಟಿಎಕ್ಸ್‌ಟಿ ಸಾಲು ಹಾಕಿ "ಇದು ನನ್ನದೇ" ಅಂತ ತೋರಿಸಿದರೆ, ಜನ ಏನು ಹುಡುಕಿದಾಗ ನಿಮ್ಮ ಪುಟ ಕಂಡಿತು, ಎಷ್ಟು ಜನ ಒತ್ತಿದರು ಅಂತ ಅದು ತೋರಿಸುತ್ತದೆ. "ಉಪ್ಪಿನಲ್ಲಿ ಹಾಕಿದ ಮಿಡಿ" ಅಂತ ಹುಡುಕುವವರು ಜಾಸ್ತಿ ಇದ್ದರೆ ಅದಕ್ಕೊಂದು ಪುಟ ಬರೆಯಬೇಕು ಅಂತ ಗೊತ್ತಾಯಿತಲ್ಲ. ಜಾಹೀರಾತಿಗೆ ದುಡ್ಡು ಸುರಿಯುವ ಮೊದಲು ಎರಡು ಮೂರು ತಿಂಗಳು ಇದನ್ನು ನೋಡಿ.

ಬಾಟಲಿಯ ಲೇಬಲ್ ನಿಮ್ಮ ಅತ್ಯುತ್ತಮ ಜಾಹೀರಾತು. ಅದು ಊಟದ ಮೇಜಿನ ಮೇಲೆ ತಿಂಗಳುಗಟ್ಟಲೆ ಇರುತ್ತದೆ, ಬಂದ ನೆಂಟರೂ ನೋಡುತ್ತಾರೆ. ಸೈಟಿನ ಹೆಸರು ಅಕ್ಷರದಲ್ಲಿ ಹಾಕಿ, ಪಕ್ಕದಲ್ಲಿ ಕ್ಯೂಆರ್ ಕೋಡ್ ಹಾಕಿ. ಆ ಕೋಡ್ ನೇರವಾಗಿ ನಿಮ್ಮ ಡೊಮೇನ್‌ಗೇ ಹೋಗಬೇಕು. "ಪುಕ್ಕಟೆ ಕ್ಯೂಆರ್" ಅನ್ನುವ ಕೆಲವು ಸೈಟುಗಳು ನಡುವೆ ತಮ್ಮ ವಿಳಾಸ ಸೇರಿಸುತ್ತವೆ, ಕೆಲವು ದಿನ ಕಳೆದ ಮೇಲೆ ದುಡ್ಡು ಕೊಟ್ಟರೆ ಮಾತ್ರ ಕೋಡ್ ಕೆಲಸ ಮಾಡುತ್ತದೆ ಅನ್ನುತ್ತವೆ. ಅಷ್ಟು ಹೊತ್ತಿಗೆ ಎರಡು ಸಾವಿರ ಲೇಬಲ್ ಅಚ್ಚಾಗಿರುತ್ತದೆ. ಅಚ್ಚಿಗೆ ಕೊಡುವ ಮೊದಲು ಸ್ಕ್ಯಾನ್ ಮಾಡಿ, ಯಾವ ವಿಳಾಸ ತೋರಿಸುತ್ತದೆ ಅಂತ ಓದಿ ನೋಡಿ.

ಸೈಟ್ ಶುರುವಾದ ಮೇಲೆ ಕೆಲವು ಅತಿಥಿಗಳು ಬಂದೇ ಬರುತ್ತಾರೆ. "ಗೂಗಲ್‌ನಲ್ಲಿ ಮೊದಲ ಸ್ಥಾನ ಗ್ಯಾರಂಟಿ" ಅಂತ ಫೋನ್ ಬರುತ್ತದೆ. ಅಂಥ ಗ್ಯಾರಂಟಿ ಯಾರೂ ಕೊಡಲಾಗದು ಅಂತ ಗೂಗಲ್ಲೇ ಹೇಳಿದೆ. ಚೀನಾದಲ್ಲಿ ಯಾರೋ ನಿಮ್ಮ ಹೆಸರು ನೋಂದಾಯಿಸುತ್ತಿದ್ದಾರೆ, ಕೂಡಲೇ ದುಡ್ಡು ಕಟ್ಟಿ ತಡೆಯಿರಿ ಅಂತ ಗಂಭೀರ ಭಾಷೆಯ ಮೇಲ್ ಬರುತ್ತದೆ. ಅದು ಹಳೆಯ ಮೋಸ, ಅಳಿಸಿ. ಅಸಲಿ ಬಿಲ್ಲಿನ ಥರವೇ ಕಾಣುವ "ಡೊಮೇನ್ ನವೀಕರಣ" ಪತ್ರವೂ ಬರಬಹುದು, ಸಣ್ಣ ಅಕ್ಷರದಲ್ಲಿ ನೋಡಿದರೆ ಅದು ಯಾವುದೋ ಬೇಡದ ಸೇವೆಗೆ. ಅದರಲ್ಲಿರುವ ಕೊಂಡಿ ಒತ್ತಬೇಡಿ. ರಿಜಿಸ್ಟ್ರಾರ್ ಸೈಟಿಗೆ ನೀವೇ ಹೋಗಿ ಲಾಗಿನ್ ಆಗಿ, ಅವಧಿ ಯಾವತ್ತು ಮುಗಿಯುತ್ತದೆ ನೋಡಿ, ಕಟ್ಟುವುದಿದ್ದರೆ ಅಲ್ಲೇ ಕಟ್ಟಿ.